ಮೂರು ಹೋಗಿ ಒಂದು ಬಂದದ್ದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಪ್ರೌಢಶಾಲಾ ಶಿಕ್ಷಕಿ. ನನ್ನ ತಮ್ಮನಿಗೆ 27 ವರ್ಷ, ಬೆಂಗಳೂರಿನಲ್ಲಿ ಕೆಲಸ. ಅಲ್ಲಿ ಮೂವರು ಗೆಳೆಯರೊಂದಿಗೆ ಒಂದೇ ಮನೆಯಲ್ಲಿದ್ದಾಗ ನೋವಿನ ಮಾತ್ರೆಯನ್ನು ಕರಗಿಸಿ ನರಕ್ಕೆ ಚುಚ್ಚಿಕೊಳ್ಳುವ ಚಟ ಅಂಟಿಸಿಕೊಂಡ. ಎರಡು ವರ್ಷದ ಹಿಂದೆ ಹೆಪಟೈಟಿಸ್ ಸಿ ಇದೆ ಎಂದು ತಿಳಿಯಿತು. ವರದಿಯಲ್ಲಿ 'ಜೀನೋಟೈಪ್ 3' ಎಂದಿತ್ತು. ಸರ್ಕಾರಿ ಆಸ್ಪತ್ರೆಯಲ್ಲಿ 12 ವಾರ ಮಾತ್ರೆ ಕೊಟ್ಟರು. ಮುಗಿಸಿದ ಮೂರು ತಿಂಗಳಿಗೆ ಮಾಡಿಸಿದ ಪರೀಕ್ಷೆಯಲ್ಲಿ ವೈರಸ್ ಇರಲಿಲ್ಲ. ಈಗ ಹದಿನಾಲ್ಕು ತಿಂಗಳಾದ ಮೇಲೆ ಮತ್ತೆ ವೈರಸ್ ಕಂಡಿದೆ, ಆದರೆ ಈ ಸಲ 'ಜೀನೋಟೈಪ್ 1ಎ'. ಮೂರರಿಂದ ಒಂದಕ್ಕೆ ಇಳಿದಿದೆ, ಗುಣವಾಗುತ್ತಿದೆ ಎಂದು ಅಮ್ಮ. ಮಾತ್ರೆ ಸರಿಯಾಗಿ ನುಂಗಿಲ್ಲ, ಅದಕ್ಕೇ ವೈರಸ್ ರೂಪ ಬದಲಿಸಿದೆ ಎಂದು ಒಬ್ಬ ವೈದ್ಯರು ಬೈದರು. ಒಂದು ದಿನವೂ ಮಾತ್ರೆ ತಪ್ಪಿಸಿಲ್ಲ, ಆಮೇಲೆ ಬೇರೆಯವರ ಸೂಜಿ ಮುಟ್ಟಿಲ್ಲ ಎಂದು ತಮ್ಮ ಅಮ್ಮನ ತಲೆ ಮುಟ್ಟಿ ಆಣೆ ಮಾಡುತ್ತಾನೆ. ಒಂದೇ ನಂಬರಿನವರು ಸೂಜಿ ಹಂಚಿಕೊಂಡರೆ ಏನೂ ಆಗುವುದಿಲ್ಲ ಎಂದು ಅವನ ಗೆಳೆಯರು ಹೇಳುತ್ತಾರಂತೆ. ಅಪ್ಪ ಆ ಮನೆಯ ಹುಡುಗನೊಬ್ಬನ ಮೇಲೆ ದೂರು ಕೊಡಲು ಹೊರಟಿದ್ದಾರೆ, ವೈರಸ್ಸಿನ ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಯಾರಿಂದ ಬಂತು ಎಂದು ಗೊತ್ತಾಗುತ್ತದಲ್ಲ ಎನ್ನುತ್ತಾರೆ. ವೈರಸ್ ನಿಜಕ್ಕೂ ನಂಬರ್ ಬದಲಿಸುತ್ತದೆಯೇ? ಮತ್ತೆ ಮಾತ್ರೆ ಕೆಲಸ ಮಾಡುತ್ತದೆಯೇ? ಅವನು ಸುಳ್ಳು ಹೇಳುತ್ತಿದ್ದಾನೆಯೇ?

ಉತ್ತರ: ನೀವು ಕೊನೆಯಲ್ಲಿ ಕೇಳಿದ ಪ್ರಶ್ನೆಯೇ ನಿಮ್ಮ ನಿದ್ದೆ ಕೆಡಿಸಿರುವುದು ಎಂದು ಪತ್ರದ ಧಾಟಿಯಿಂದಲೇ ತಿಳಿಯುತ್ತದೆ. ಹಾಗಾಗಿ ಅದಕ್ಕೇ ಮೊದಲು ಬರುತ್ತೇನೆ. ಮಾತ್ರೆಯ ವಿಷಯದಲ್ಲಿ ನಿಮ್ಮ ತಮ್ಮ ಹೇಳಿದ್ದು ನಿಜ ಎಂದೇ ನಾನು ನಂಬುತ್ತೇನೆ. ಅದಕ್ಕೆ ಆಣೆ ಬೇಕಿಲ್ಲ, ನಿಮ್ಮ ಕೈಯಲ್ಲಿರುವ ವರದಿಗಳೇ ಸಾಕ್ಷಿ. ಮಾತ್ರೆ ಅರ್ಧಂಬರ್ಧ ನುಂಗಿದ್ದರೆ ಹಳೆಯ ಮೂರನೇ ನಂಬರಿನ ವೈರಸ್ ಕೆಲವೇ ವಾರಗಳಲ್ಲಿ ತಲೆ ಎತ್ತುತ್ತಿತ್ತು, ಮೂರು ತಿಂಗಳ ಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತಿತ್ತು. ಚಿಕಿತ್ಸೆ ಮುಗಿದ 12 ವಾರಕ್ಕೆ ವೈರಸ್ ಕಾಣದಿದ್ದರೆ ಅದನ್ನು ನಾವು ಗುಣ ಎಂದೇ ಕರೆಯುತ್ತೇವೆ. ಆಮೇಲೆ ಅದೇ ವೈರಸ್ ಮರಳುವುದು ತೀರಾ ಅಪರೂಪ. ಸೂಜಿಯ ವಿಷಯದಲ್ಲಿ ಅವನು ಆಡಿದ ಮಾತೂ ಅಕ್ಷರಶಃ ನಿಜವಿರಬಹುದು. ಆದರೂ ಸೋಂಕು ತಗಲಬಹುದು. ಅದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ. ಒಂದನ್ನು ಮಾತ್ರ ಗಮನಿಸಿ: ಚುಚ್ಚಿಕೊಳ್ಳುವುದನ್ನು ಬಿಟ್ಟಿದ್ದೇನೆ ಎಂದು ಅವನು ಎಲ್ಲೂ ಹೇಳಿಲ್ಲ. 'ಬೇರೆಯವರ ಸೂಜಿ ಮುಟ್ಟಿಲ್ಲ' ಎಂದಷ್ಟೇ ಹೇಳಿದ್ದಾನೆ.

ಇನ್ನು ನಂಬರ್. ಅದು ಕಾಯಿಲೆಯ ಹಂತವಲ್ಲ, ತೀವ್ರತೆಯ ಅಂಕವೂ ಅಲ್ಲ. ನಿಮ್ಮ ತಾಯಿಯಂತೆಯೇ ಅದನ್ನು ಜ್ವರದ ಡಿಗ್ರಿಯ ಹಾಗೆ ಓದುವವರನ್ನು ನಾನು ಹೊರರೋಗಿ ವಿಭಾಗದಲ್ಲಿ ವಾರಕ್ಕೊಬ್ಬರನ್ನಾದರೂ ನೋಡುತ್ತೇನೆ. ಹೆಪಟೈಟಿಸ್ ಸಿ ಎಂಬುದು ಒಂದೇ ವೈರಸ್ ಅಲ್ಲ, ಒಂದು ದೊಡ್ಡ ಕುಟುಂಬ. ಆ ಕುಟುಂಬದ ಕವಲುಗಳನ್ನು ಪತ್ತೆಯಾದ ಕ್ರಮದಲ್ಲಿ ಒಂದರಿಂದ ಎಂಟರವರೆಗೆ ಎಣಿಸಿದ್ದಾರೆ, ಅಷ್ಟೆ. ಎಂಟನೆಯದನ್ನು ಗುರುತಿಸಿದ್ದು 2018ರಲ್ಲಿ, ಕೆನಡಾದಲ್ಲಿ ನೆಲೆಸಿದ ಪಂಜಾಬ್ ಮೂಲದವರ ರಕ್ತದಲ್ಲಿ. ಪ್ರತಿ ಕವಲಿನೊಳಗೆ ಎ, ಬಿ ಎಂಬ ಉಪಪ್ರಕಾರಗಳಿವೆ. ಭಾರತದಲ್ಲಿ ಹೆಚ್ಚಾಗಿ ಕಾಣುವುದು ಮೂರು, ಆಮೇಲೆ ಒಂದು. ಈಶಾನ್ಯದ ರಾಜ್ಯಗಳಲ್ಲಿ ಇವೆರಡರ ಜೊತೆಗೆ ಆರು ಕೂಡ ಇದೆ. ಅದು ಆಗ್ನೇಯ ಏಷ್ಯಾದ ಕವಲು.

ಮೂರು ಒಂದಾಗಿ ಬದಲಾಗಬಲ್ಲದೇ? ಸಾಧ್ಯವೇ ಇಲ್ಲ. ಲೆಕ್ಕ ಹಾಕಿ ನೋಡೋಣ, ನೀವು ಶಿಕ್ಷಕಿ. ಈ ವೈರಸ್ಸಿನ ಆರ್‌ಎನ್‌ಎ ಸುಮಾರು 9,600 ಅಕ್ಷರಗಳ ಒಂದು ಬರಹ. (ಅದರಲ್ಲಿ ಡಿಎನ್‌ಎ ಇಲ್ಲ, ಹಾಗಾಗಿ ನಿಮ್ಮ ತಂದೆ ಕೇಳುವ 'ಡಿಎನ್‌ಎ ಪರೀಕ್ಷೆ' ಹೆಸರಿನಲ್ಲೇ ಎಡವುತ್ತದೆ, ಇರಲಿ, ಅವರ ಉದ್ದೇಶ ಅರ್ಥವಾಯಿತು.) ಸೋಂಕಿತ ವ್ಯಕ್ತಿಯ ದೇಹದಲ್ಲಿ ದಿನಕ್ಕೆ ಸುಮಾರು ಒಂದು ಲಕ್ಷ ಕೋಟಿ ವೈರಸ್ ಕಣಗಳು ಹುಟ್ಟುತ್ತವೆ. ಪ್ರತಿಯೊಂದೂ ಹಿಂದಿನದನ್ನು ನೋಡಿ ಬರೆದ ನಕಲು. ನಕಲು ಮಾಡುವ ಕಿಣ್ವಕ್ಕೆ ಬರೆದದ್ದನ್ನು ಮತ್ತೊಮ್ಮೆ ಓದಿ ತಿದ್ದುವ ಅಭ್ಯಾಸವೇ ಇಲ್ಲ. ಹಾಗಾಗಿ ತಪ್ಪುಗಳು ಸುರಿಯುತ್ತಲೇ ಇರುತ್ತವೆ, ಒಬ್ಬನೇ ವ್ಯಕ್ತಿಯೊಳಗೆ ಒಂದಕ್ಕೊಂದು ಕೊಂಚ ಕೊಂಚ ಬೇರೆಯಾದ ವೈರಸ್ಸುಗಳ ಹಿಂಡೇ ಇರುತ್ತದೆ. ಆದರೆ ಹೆಚ್ಚಿನ ತಪ್ಪುಗಳು ವೈರಸ್ಸನ್ನೇ ಕೊಲ್ಲುತ್ತವೆ. ವರ್ಷದ ಕೊನೆಗೆ ಆ ಹಿಂಡಿನ ಬರಹದಲ್ಲಿ ಗಟ್ಟಿಯಾಗಿ ಉಳಿಯುವ ಬದಲಾವಣೆ ಸಾವಿರಕ್ಕೊಂದು ಅಕ್ಷರದಷ್ಟು, ಎಂದರೆ ಒಟ್ಟಿಗೆ ಸುಮಾರು ಹತ್ತು. ಮೂರಕ್ಕೂ ಒಂದಕ್ಕೂ ನಡುವೆ ಇರುವ ವ್ಯತ್ಯಾಸವೋ ಶೇಕಡಾ ಮೂವತ್ತರ ಮೇಲೆ, ಎಂದರೆ ಮೂರು ಸಾವಿರ ಅಕ್ಷರಗಳ ಆಸುಪಾಸು. ದಾವಣಗೆರೆಯವರು ಮಂಗಳೂರಿನಲ್ಲಿ ಒಂದು ವರ್ಷ ಇದ್ದು ಬಂದರೆ ಮಾತಿನ ಧಾಟಿ ಒಂದಿಷ್ಟು ಬದಲಾಗಬಹುದು. ಒಂದು ಬೆಳಿಗ್ಗೆ ಎದ್ದು ತಮಿಳು ಮಾತನಾಡುವುದಿಲ್ಲ.

ಆದ್ದರಿಂದ ನಿಮ್ಮ ತಮ್ಮನ ದೇಹದಲ್ಲಿ ಈಗ ಇರುವುದು ಹೊರಗಿನಿಂದ ಬಂದ ಇನ್ನೊಂದು ವೈರಸ್. ಮೊದಲನೆಯದು ಹೋಗಿದೆ, ಇದು ಹೊಸದು. ಇಲ್ಲಿ ಒಂದು ಸಣ್ಣ ಅನುಮಾನಕ್ಕೆ ಜಾಗ ಬಿಡಬೇಕು. ಹಲವರ ಜೊತೆ ಚುಚ್ಚಿಕೊಂಡವರಲ್ಲಿ ಎರಡು ಕವಲುಗಳ ವೈರಸ್ ಒಟ್ಟಿಗೇ ಇರುವುದುಂಟು. ಸಾಮಾನ್ಯ ಜೀನೋಟೈಪ್ ಪರೀಕ್ಷೆ ಜೋರು ದನಿಯದನ್ನು ಮಾತ್ರ ವರದಿ ಮಾಡುತ್ತದೆ, ಮೂಲೆಯಲ್ಲಿ ಪಿಸುಗುಡುವುದು ಅದಕ್ಕೆ ಕೇಳಿಸುವುದಿಲ್ಲ. ಹಾಗೆ ಅಡಗಿದ್ದ ಒಂದು ಈಗ ಹೊರಬಂದಿರಬಹುದೇ? ತಾತ್ವಿಕವಾಗಿ ಸಾಧ್ಯ. ಆದರೆ ಅವನಿಗೆ ಕೊಟ್ಟಿರಬಹುದಾದ ಸೊಫಾಸ್ಬುವಿರ್ ಮತ್ತು ಡಕ್ಲಟಾಸ್ವಿರ್ ಜೋಡಿ ಒಂದನ್ನೂ ಕೊಲ್ಲುತ್ತದೆ, ಮೂರನ್ನೂ ಕೊಲ್ಲುತ್ತದೆ. ಜೊತೆಗೆ 12 ವಾರದ ಪರೀಕ್ಷೆ ಯಾವ ಕವಲಿನ ವೈರಸ್ ಇದ್ದರೂ ಹಿಡಿಯುತ್ತದೆ. ಹಾಗಾಗಿ ಮರುಸೋಂಕು ಎಂಬುದೇ ನನ್ನ ತೀರ್ಮಾನ. ಇನ್ನೂ ಚುಚ್ಚಿಕೊಳ್ಳುತ್ತಿರುವವರಲ್ಲಿ ಗುಣವಾದ ಮೇಲೆ ವರ್ಷಕ್ಕೆ ನೂರರಲ್ಲಿ ಐದಾರು ಮಂದಿಗೆ ಮರುಸೋಂಕು ಆಗುತ್ತದೆ ಎಂಬುದು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ ಸಿಕ್ಕ ಅಂದಾಜು. ಒಮ್ಮೆ ಬಂದು ಹೋದರೆ ಮತ್ತೆ ಬಾರದ ದಡಾರದಂತಹ ಕಾಯಿಲೆ ಇದಲ್ಲ. ವೈರಸ್ ತನ್ನ ಹೊರಮೈಯ ಒಂದು ಭಾಗವನ್ನು ಬದಲಿಸುತ್ತಲೇ ಇರುವುದರಿಂದ ನಮ್ಮ ಪ್ರತಿಕಾಯಗಳು ಸದಾ ನಿನ್ನೆಯ ವೈರಸ್ಸನ್ನು ಹುಡುಕುತ್ತಿರುತ್ತವೆ. ಹೆಪಟೈಟಿಸ್ ಬಿಗೆ ದಶಕಗಳಿಂದ ಒಳ್ಳೆಯ ಲಸಿಕೆ ಇದ್ದು ಸಿಗೆ ಇನ್ನೂ ಇಲ್ಲದಿರುವುದಕ್ಕೆ ಮುಖ್ಯ ಕಾರಣವೂ ಇದೇ ವೈವಿಧ್ಯ.

ಸೂಜಿ ಮುಟ್ಟದೆ ಸೋಂಕು ತಗಲುವುದು ಹೇಗೆ? ನಾನು ಕೆಲಸ ಕಲಿತ ದಿನಗಳಲ್ಲಿ ಎರಡು ವರ್ಷ ಇಂಫಾಲದಲ್ಲಿದ್ದೆ. ಅಲ್ಲಿಯ ಒಂದು ಸೂಜಿ ವಿನಿಮಯ ಕೇಂದ್ರದಲ್ಲಿ (ಬಳಸಿದ ಸೂಜಿ ಪಡೆದು ಹೊಸದನ್ನು ಕೊಡುವ ಜಾಗ), ಹಿಂದೆ ತಾನೇ ಹೆರಾಯಿನ್ ಚುಚ್ಚಿಕೊಳ್ಳುತ್ತಿದ್ದ ಒಬ್ಬ ಆಪ್ತಸಲಹೆಗಾರ ಹುಡುಗರಿಗೆ ಪಾಠ ಮಾಡುತ್ತಿದ್ದ. ಮಾತು ಕಡಿಮೆ. ಮೇಜಿನ ಮೇಲೆ ಒಂದು ಸ್ಟೀಲ್ ಲೋಟದಲ್ಲಿ ನೀರು, ಪಕ್ಕದಲ್ಲಿ ಪೊಟ್ಟಣ ಒಡೆಯದ ನಾಲ್ಕು ಹೊಸ ಸಿರಿಂಜ್. ನಾಲ್ವರಿಗೆ ಒಂದೊಂದು ಕೊಟ್ಟ. ಮೊದಲನೆಯವನ ಸಿರಿಂಜಿಗೆ ಒಂದು ತೊಟ್ಟು ಕೆಂಪು ಶಾಯಿ ಎಳೆಸಿ, ಹೊರಗೆ ಚೆಲ್ಲಿಸಿ, ಲೋಟದ ನೀರಿನಲ್ಲಿ ತೊಳೆಯಲು ಹೇಳಿದ. ಉಳಿದ ಮೂವರೂ ಅದೇ ಲೋಟದಿಂದ ನೀರು ಎಳೆದುಕೊಂಡರು. ಆಮೇಲೆ ನಾಲ್ಕನ್ನೂ ಒಂದು ಬಿಳಿ ಕಾಗದದ ಮೇಲೆ ಹನಿಸಿದ. ನಾಲ್ಕು ಹನಿಯೂ ಗುಲಾಬಿ. ಯಾರೂ ಯಾರ ಸೂಜಿಯನ್ನೂ ಮುಟ್ಟಿರಲಿಲ್ಲ.

ಪ್ರತಿಯೊಬ್ಬರದೂ ಹೊಸ ಸಿರಿಂಜ್ ಇದ್ದರೂ ಕರಗಿಸುವ ಚಮಚ ಒಂದೇ ಇದ್ದರೆ, ಸೋಸುವ ಹತ್ತಿಯ ಉಂಡೆ ಒಂದೇ ಇದ್ದರೆ, ತೊಳೆಯುವ ನೀರು ಒಂದೇ ಇದ್ದರೆ, ಒಬ್ಬರು ತಮ್ಮ ಸಿರಿಂಜಿನಿಂದ ಇನ್ನೊಬ್ಬರದಕ್ಕೆ ಪಾಲು ಹಾಕಿದರೆ, ಅಷ್ಟರಲ್ಲೇ ದಾರಿ ತೆರೆಯಿತು. ನಾನು ಮಾತನಾಡಿಸಿದ ಬಹುಪಾಲು ಹುಡುಗರಿಗೆ 'ಹಂಚಿಕೊಂಡಿದ್ದೀಯಾ' ಎಂದರೆ ಸೂಜಿ ಮಾತ್ರ ನೆನಪಾಗುತ್ತದೆ. 'ನೀರು ಎಲ್ಲಿಂದ ತೆಗೆದುಕೊಂಡೆ' ಎಂದು ಕೇಳಿದಾಗಲೇ ಮುಖ ಬದಲಾಗುವುದು. ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಹೆಪಟೈಟಿಸ್ ಸಿ ವೈರಸ್ ಸಿರಿಂಜಿನೊಳಗೆ ಉಳಿದ ರಕ್ತದಲ್ಲಿ 63 ದಿನಗಳವರೆಗೆ ಜೀವಂತವಾಗಿ ಸಿಕ್ಕಿದೆ. ಸೂಜಿ ಬಿಚ್ಚಬಹುದಾದ ಸಿರಿಂಜಿನಲ್ಲಿ ಸೂಜಿ ಮತ್ತು ಕೊಳವೆ ಸೇರುವ ಜಾಗದಲ್ಲಿ ರಕ್ತ ಹೆಚ್ಚು ಉಳಿಯುತ್ತದೆ, ಆದ್ದರಿಂದ ಅಪಾಯವೂ ಹೆಚ್ಚು. ಎಚ್‌ಐವಿ ಇಷ್ಟು ಗಟ್ಟಿ ಜೀವವಲ್ಲ. ಇಷ್ಟು ಹೇಳಿದ ಮೇಲೂ, ಕ್ಷೌರದ ಬ್ಲೇಡ್, ಹಚ್ಚೆಯ ಸೂಜಿ, ಶುದ್ಧೀಕರಿಸದ ವೈದ್ಯಕೀಯ ಉಪಕರಣ ಇವುಗಳಿಂದಲೂ ಬರಬಹುದು ಎಂಬುದನ್ನು ಮರೆಯಬಾರದು. ಅದಕ್ಕೇ ವರದಿಯನ್ನು ಮುಂದಿಟ್ಟುಕೊಂಡು 'ನೀನು ಮತ್ತೆ ಚುಚ್ಚಿಕೊಂಡಿದ್ದೀಯ' ಎಂದು ಖಚಿತವಾಗಿ ಹೇಳಲಾಗದು. 'ಹೊಸ ರಕ್ತ ಎಲ್ಲಿಂದಲೋ ಸೇರಿದೆ' ಎನ್ನುವವರೆಗೆ ಮಾತ್ರ ವರದಿ ಮಾತನಾಡುತ್ತದೆ.

ಈಗ ನಿಮ್ಮ ತಂದೆಯ ದೂರು. ಪರೀಕ್ಷೆಯಲ್ಲಿ ವಿದ್ಯಾರ್ಥಿಗಳು ನಕಲು ಹೊಡೆದದ್ದನ್ನು ನೀವು ಹೇಗೆ ಹಿಡಿಯುತ್ತೀರಿ? ಇಬ್ಬರದೂ ಸರಿಯುತ್ತರ ಒಂದೇ ಇದ್ದರೆ ಅನುಮಾನ ಬರುವುದಿಲ್ಲ, ಇಬ್ಬರೂ ಒಂದೇ ವಿಚಿತ್ರ ತಪ್ಪು ಮಾಡಿದ್ದರೆ ಬರುತ್ತದೆ. ವೈರಸ್ಸಿನ ವಂಶವೃಕ್ಷ ಬರೆಯುವವರು ಮಾಡುವುದೂ ಅದನ್ನೇ. ಇಬ್ಬರ ವೈರಸ್ಸಿನಲ್ಲಿ ಅದೇ ತಪ್ಪುಗಳು ಅದೇ ಜಾಗದಲ್ಲಿ ಇದ್ದರೆ ಅವು ಒಂದೇ ಬಳಗದವು. ಆದರೆ ಎ ಬಿಯದನ್ನು ನೋಡಿ ಬರೆದನೋ, ಬಿ ಎಯದನ್ನು ನೋಡಿ ಬರೆದನೋ, ಅಥವಾ ಇಬ್ಬರೂ ಮೂರನೆಯವನ ಉತ್ತರಪತ್ರಿಕೆ ನೋಡಿದರೋ? ಎರಡು ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ಇದನ್ನು ಹೇಳುವುದು ಕಷ್ಟ. ವೈರಸ್ಸಿನಲ್ಲೂ ಅಷ್ಟೇ. ಒಂದು ಮನೆಯ ನಾಲ್ವರಲ್ಲಿ ಇಬ್ಬರದು ಹೊಂದಿಕೊಂಡರೂ ಮಧ್ಯೆ ಪರೀಕ್ಷೆಗೇ ಬಾರದ ಐದನೆಯವನಿರಬಹುದು.

ಈ ವಿದ್ಯೆಯ ಬಲ ಏನು ಎಂಬುದಕ್ಕೆ ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಆಸ್ಟಿನ್ ಎಂಬ ನಾಲ್ಕು ಸಾವಿರ ಚಿಲ್ಲರೆ ಜನರ ಊರು, ನಮ್ಮ ಒಂದು ದೊಡ್ಡ ಹಳ್ಳಿಯಷ್ಟು. 2014ರ ಕೊನೆಯಿಂದ ಅಲ್ಲಿ ಎಚ್‌ಐವಿ ಹಬ್ಬಿತು, ಒಂದು ವರ್ಷದೊಳಗೆ 181 ಪ್ರಕರಣ. ಅವರು ಚುಚ್ಚಿಕೊಳ್ಳುತ್ತಿದ್ದದ್ದು ಹೆರಾಯಿನ್ ಅಲ್ಲ, ಆಕ್ಸಿಮಾರ್ಫೋನ್ ಎಂಬ ನೋವಿನ ಮಾತ್ರೆ. ನಿಮ್ಮ ತಮ್ಮನ ಕಥೆಗೆ ಹತ್ತಿರದ್ದೇ. ವೈರಸ್ಸಿನ ಬರಹ ಓದಿದಾಗ ಒಂದು ವಿಚಿತ್ರ ಕಂಡಿತು. ಎಚ್‌ಐವಿ ಎಲ್ಲರಲ್ಲೂ ಹೆಚ್ಚುಕಡಿಮೆ ಒಂದೇ: ಪರೀಕ್ಷಿಸಿದ 159 ಮಂದಿಯಲ್ಲಿ 157 ಮಂದಿಯದು ಒಂದೇ ಬಳಗ. ಎಂದರೆ ಒಂದೇ ಕಿಡಿ ಊರೊಳಗೆ ಬಿದ್ದು ತಿಂಗಳುಗಳಲ್ಲಿ ಹರಡಿತ್ತು. ಆದರೆ ಇವರಲ್ಲಿ ನೂರಕ್ಕೆ ತೊಂಬತ್ತೆರಡು ಮಂದಿಗೆ ಹೆಪಟೈಟಿಸ್ ಸಿಯೂ ಇತ್ತು, ಆ ವೈರಸ್ಸುಗಳು ಮಾತ್ರ ಬಗೆಬಗೆಯವು, ಹಲವು ಬಳಗಗಳಿಗೆ ಸೇರಿದವು. ಒಂದೇ ಜನ, ಅದೇ ಸಿರಿಂಜುಗಳು, ಎರಡು ವೈರಸ್ಸುಗಳು ಎರಡು ಬೇರೆ ಕಥೆ ಹೇಳಿದವು. ಹೆಪಟೈಟಿಸ್ ಸಿ ಅಲ್ಲಿ ವರ್ಷಗಳಿಂದ ಮತ್ತೆಮತ್ತೆ, ಬೇರೆಬೇರೆ ದಿಕ್ಕಿನಿಂದ ಬಂದು ಸೇರಿತ್ತು. ಆ ದಾರಿಗಳನ್ನು ಯಾರೂ ನೋಡಿರಲಿಲ್ಲ. ಎಚ್‌ಐವಿ ಬಂದಾಗ ದಾರಿ ಆಗಲೇ ಸವೆದು ಸಿದ್ಧವಾಗಿತ್ತು. ಸೂಜಿ ವಿನಿಮಯವನ್ನು ಒಪ್ಪದಿದ್ದ ಆ ರಾಜ್ಯ 2015ರಲ್ಲಿ ತುರ್ತು ಆದೇಶ ಹೊರಡಿಸಿ ಹೊಸ ಸಿರಿಂಜ್ ಹಂಚಲು ಅವಕಾಶ ಕೊಡಬೇಕಾಯಿತು.

ಹಾಗೆಯೇ ಈ ವಿದ್ಯೆ ಆರೋಪ ಹೊರಿಸುವುದಕ್ಕಿಂತ ಆರೋಪ ಕಳೆಯುವುದರಲ್ಲಿ ಹೆಚ್ಚು ನಿಖರ. ಲಿಬಿಯಾದ ಬೆಂಗಾಜಿಯ ಮಕ್ಕಳ ಆಸ್ಪತ್ರೆಯಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳಿಗೆ ಎಚ್‌ಐವಿ ತಗಲಿದಾಗ ಬಲ್ಗೇರಿಯಾದ ಐವರು ದಾದಿಯರಿಗೂ ಪ್ಯಾಲೆಸ್ತೀನ್ ಮೂಲದ ಒಬ್ಬ ವೈದ್ಯರಿಗೂ ಮರಣದಂಡನೆ ವಿಧಿಸಿದ್ದರು. ಮಕ್ಕಳ ಎಚ್‌ಐವಿ ಮತ್ತು ಹೆಪಟೈಟಿಸ್ ಸಿ ವೈರಸ್ಸುಗಳ ತಪ್ಪುಗಳನ್ನು ಎಣಿಸಿ, ಅವರು 1998ರಲ್ಲಿ ಅಲ್ಲಿಗೆ ಬರುವ ಮೊದಲೇ ಆ ಬಳಗಗಳು ಆಸ್ಪತ್ರೆಯ ಸುತ್ತ ಓಡಾಡುತ್ತಿದ್ದವು ಎಂದು 2006ರಲ್ಲಿ ವಿಜ್ಞಾನಿಗಳು ತೋರಿಸಿದರು. ಮರುವರ್ಷ ಅವರೆಲ್ಲ ಬಿಡುಗಡೆಯಾದರು. ರಾಜತಾಂತ್ರಿಕ ಮಾತುಕತೆಯೇ ಅದಕ್ಕೆ ದಾರಿ ಮಾಡಿತು ಎಂಬುದು ಬೇರೆ ಮಾತು. ನಿಮ್ಮ ತಂದೆಗೆ ನನ್ನ ಸಲಹೆ: ದೂರು ಕೊಡಬೇಡಿ. ಆ ಹುಡುಗನಿಗೂ ಯಾರಿಂದಲೋ ಬಂದದ್ದೇ. ಪೊಲೀಸರ ಹೆಸರು ಕೇಳಿದ ಕ್ಷಣ ಆ ಮನೆಯ ಮೂವರೂ ಪರೀಕ್ಷೆಯಿಂದ ದೂರ ಓಡುತ್ತಾರೆ. ನಿಮ್ಮ ತಮ್ಮ ಅವರ ಸಂಗವನ್ನು ಪೂರ್ತಿ ಬಿಟ್ಟಿಲ್ಲ ಎಂದಾದರೆ ಅವರ ವೈರಸ್ ಗುಣವಾಗುವುದರಲ್ಲೇ ಇವನ ಹಿತವೂ ಇದೆ.

ಒಂದೇ ನಂಬರಿನವರು ಹಂಚಿಕೊಳ್ಳಬಹುದು ಎಂಬ ಮಾತು ಈ ಎಲ್ಲದರಲ್ಲಿ ಅತ್ಯಂತ ಅಪಾಯಕಾರಿ, ಏಕೆಂದರೆ ಕೇಳಲು ಜಾಣತನದಂತೆ ಇದೆ. ಮೂರನೇ ನಂಬರಿನ ಇಬ್ಬರ ವೈರಸ್ ಒಂದೇ ಅಲ್ಲ, 3ಎ ಇರಬಹುದು, 3ಬಿ ಇರಬಹುದು. ಒಬ್ಬನು ಗುಣವಾದ ಮೇಲೆ ಇನ್ನೊಬ್ಬನಿಂದ ಅದೇ ಮೂರು ಮರಳಿ ಬರಬಹುದು. ಹೆಪಟೈಟಿಸ್ ಸಿ ನಂಬರ್ ಕೂಡಿಬಂತು ಎಂದು ಹಂಚಿಕೊಂಡ ಸಿರಿಂಜಿನಲ್ಲಿ ಎಚ್‌ಐವಿ ಇದೆಯೇ, ಹೆಪಟೈಟಿಸ್ ಬಿ ಇದೆಯೇ ಎಂದು ಆ ನಂಬರ್ ಹೇಳುವುದಿಲ್ಲ.

ಎಚ್‌ಐವಿಯಲ್ಲಂತೂ ಕಥೆ ಇನ್ನೂ ಜಟಿಲ. ಒಂದೇ ಜೀವಕೋಶಕ್ಕೆ ಎರಡು ಬಗೆಯ ಎಚ್‌ಐವಿ ಹೊಕ್ಕರೆ ನಕಲು ಮಾಡುವ ಕಿಣ್ವ ಅರ್ಧ ಇದನ್ನು, ಅರ್ಧ ಅದನ್ನು ನೋಡಿ ಬರೆದು ಮೂರನೆಯದೊಂದನ್ನು ಹುಟ್ಟಿಸುತ್ತದೆ. ಬ್ಯಾಂಕಾಕಿನ ಸೂಜಿ ಬಳಕೆದಾರರಲ್ಲಿ ಹಬ್ಬಿದ್ದ ಬಿ ಬಗೆಯ ಎಚ್‌ಐವಿಯೂ ಭಾರತದಲ್ಲಿ ಹೆಚ್ಚಾಗಿರುವ ಸಿ ಬಗೆಯೂ ಹೀಗೆ ಬೆರೆತ ಮಿಶ್ರತಳಿಗಳು ಚೀನಾದ ಯುನ್ನಾನ್ ಪ್ರಾಂತ್ಯದ ಸೂಜಿ ಬಳಕೆದಾರರಲ್ಲಿ ಸಿಕ್ಕವು, ಹೆರಾಯಿನ್ ಸಾಗಿದ ರಸ್ತೆಗಳಲ್ಲೇ ಚೀನಾದ ಉದ್ದಗಲಕ್ಕೆ ಸಾಗಿದವು. ಮ್ಯಾನ್ಮಾರ್ ಗಡಿಯ ಮೋರೆ ಪಟ್ಟಣ ಇರುವ ನಮ್ಮ ಮಣಿಪುರದಲ್ಲೂ ಬಿ, ಸಿ ಎರಡೂ, ಅವುಗಳ ಮಿಶ್ರಣವೂ ಕಂಡಿವೆ. ಉಳಿದ ಭಾರತದಲ್ಲಿ ಬಹುತೇಕ ಸಿ ಒಂದೇ ಇರುವಾಗ ಅಲ್ಲಿ ಇಷ್ಟು ಬಗೆ ಏಕೆ ಎಂದರೆ, ಅದು ದಾರಿಗಳು ಕೂಡುವ ಜಾಗ. ಇಂಫಾಲದಲ್ಲಿ ನಾನು ವರದಿಗಳನ್ನು ಜೋಡಿಸುತ್ತ ಕೂತಾಗ ಪ್ರತಿ ಹಾಳೆಯೂ ಒಂದು ಲಾರಿ ಮಾರ್ಗದ ನಕ್ಷೆಯಂತೆ ಕಾಣುತ್ತಿತ್ತು. ಹೆಪಟೈಟಿಸ್ ಸಿಯಲ್ಲಿ ಇಂತಹ ಬೆರಕೆ ಅಪರೂಪ, ಆದರೆ ಇಲ್ಲವೆಂದಲ್ಲ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗಿನ ಸೂಜಿ ಬಳಕೆದಾರರಲ್ಲಿ ಎರಡು ಮತ್ತು ಒಂದರ ಮಿಶ್ರಣವೊಂದು ಸಿಕ್ಕಿದೆ.

ಚಿಕಿತ್ಸೆಗೆ ಬರೋಣ. ನಾನು ಕೆಲಸ ಶುರುಮಾಡಿದಾಗ ಜೀನೋಟೈಪ್ ಎಂದರೆ ಹಣೆಬರಹ. ಇಂಟರ್ಫೆರಾನ್ ಚುಚ್ಚುಮದ್ದು ಮತ್ತು ರಿಬಾವಿರಿನ್ ಮಾತ್ರೆ, ಮೂರಾದರೆ 24 ವಾರ, ಒಂದಾದರೆ 48 ವಾರ. ಚಳಿಜ್ವರ, ಖಿನ್ನತೆ, ರಕ್ತಹೀನತೆ ಎಲ್ಲವನ್ನೂ ಸಹಿಸಿದ ಮೇಲೂ ಒಂದನೆಯವರಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ಗುಣ. 2013ರ ಕೊನೆಗೆ ಅಮೆರಿಕದಲ್ಲಿ ಸೊಫಾಸ್ಬುವಿರ್ ಬಂದಾಗ ಮಾತ್ರೆಯೊಂದಕ್ಕೆ ಸಾವಿರ ಡಾಲರ್. ಮರುವರ್ಷ ಭಾರತದ ಕಂಪನಿಗಳಿಗೆ ತಯಾರಿಕೆಯ ಪರವಾನಗಿ ಸಿಕ್ಕಿ ಬೆಲೆ ನೆಲಕ್ಕಿಳಿಯಿತು. 2018ರ ಜುಲೈ 28ರಿಂದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಔಷಧ ಉಚಿತ. ಈ ಮಾತ್ರೆಗಳು ಎಲ್ಲ ಕವಲುಗಳ ಮೇಲೂ ಕೆಲಸ ಮಾಡುವುದರಿಂದ ಮೊದಲ ಸಲದ ಚಿಕಿತ್ಸೆಗೆ ಜೀನೋಟೈಪ್ ನೋಡುವ ಅಗತ್ಯವೇ ಇಲ್ಲವಾಗಿದೆ. ನಿಮ್ಮ ತಮ್ಮನಿಗೆ ಮೊದಲೇ ಮಾಡಿಸಿದ್ದು ಒಂದು ರೀತಿಯಲ್ಲಿ ಅದೃಷ್ಟ. ಅದಿಲ್ಲದಿದ್ದರೆ ಈಗಿನದು ಮರುಸೋಂಕೋ ಹಳೆಯದು ಮರಳಿದ್ದೋ ಎಂದು ಇಷ್ಟು ಸುಲಭವಾಗಿ ತಿಳಿಯುತ್ತಿರಲಿಲ್ಲ.

ಈ ವ್ಯತ್ಯಾಸ ಏಕೆ ಮುಖ್ಯ ಎಂದರೆ, ಹಳೆಯದೇ ಮರಳಿದ್ದರೆ ಅದು ಮಾತ್ರೆಗೆ ಜಗ್ಗದ ವೈರಸ್ ಇರಬಹುದು. ಆಗ ರಿಬಾವಿರಿನ್ ಸೇರಿಸಿ 24 ವಾರ ಎಳೆಯಬೇಕಾಗುತ್ತದೆ, ಇಲ್ಲವೇ ಮೂರು ಔಷಧಗಳ ದುಬಾರಿ ಕೂಟ ಬೇಕಾಗುತ್ತದೆ. ಹೊಸ ಸೋಂಕಾದರೆ ಹೊಸಬನಂತೆಯೇ ಚಿಕಿತ್ಸೆ: ಸೊಫಾಸ್ಬುವಿರ್ ಜೊತೆ ಡಕ್ಲಟಾಸ್ವಿರ್ ಅಥವಾ ವೆಲ್ಪಟಾಸ್ವಿರ್, 12 ವಾರ. 1ಎ ಇದ್ದು ಯಕೃತ್ತು ಗಟ್ಟಿಯಾಗಿರದಿದ್ದರೆ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಉಪಪ್ರಕಾರ ಇವತ್ತಿಗೂ ತೊಂದರೆ ಕೊಡುವುದು 3ಬಿಯಲ್ಲಿ. ಅದರ ಬರಹದಲ್ಲಿ ಹುಟ್ಟಿನಿಂದಲೇ ಇರುವ ಎರಡು ಬದಲಾವಣೆಗಳು ಇಂತಹ ಔಷಧಗಳಿಗೆ ಅಡ್ಡ ನಿಲ್ಲುತ್ತವೆ. 3ಬಿ ಜೊತೆಗೆ ಸಿರೋಸಿಸ್ (ಯಕೃತ್ತು ಗಟ್ಟಿಯಾಗುವುದು) ಕೂಡ ಇದ್ದ ರೋಗಿಗಳಲ್ಲಿ, ಮುಖ್ಯವಾಗಿ ಚೀನಾದಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಅರ್ಧ ಮಂದಿಗಷ್ಟೇ ಗುಣವಾಯಿತು. ನಿಮ್ಮ ತಮ್ಮನ ಮೊದಲ ವರದಿಯಲ್ಲಿ ಬರೀ '3' ಎಂದಿದ್ದದ್ದು ಈಗ ಚಿಂತಿಸಬೇಕಾದ ವಿಷಯವಲ್ಲ, ಅದು ಹೋಗಿಯಾಯಿತು.

'ಮೊದಲು ಚಟ ಬಿಟ್ಟು ಬಾ, ಆಮೇಲೆ ಮಾತ್ರೆ ಕೊಡುತ್ತೇನೆ' ಎನ್ನುವ ವೈದ್ಯರು ಸಿಕ್ಕರೆ ಬೇರೆ ವೈದ್ಯರನ್ನು ಹುಡುಕಿ. ನಾನು ಇದನ್ನು ಮೆತ್ತಗೆ ಹೇಳಲಾರೆ. ಚುಚ್ಚಿಕೊಳ್ಳುತ್ತಿರುವುದು ಚಿಕಿತ್ಸೆಗೆ ಅಡ್ಡಿಯಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಕಾಯಿಸಿದಷ್ಟು ದಿನವೂ ಅವನ ರಕ್ತದಿಂದ ಇನ್ನೊಬ್ಬರಿಗೆ ಹರಡುತ್ತಿರುತ್ತದೆ. ಕಾಯುವುದಕ್ಕೆ ಒಂದು ಸಮರ್ಥನೆ ಇದೆ: ಹೊಸ ಸೋಂಕು ಸುಮಾರು ನಾಲ್ವರಲ್ಲಿ ಒಬ್ಬರಿಗೆ ಆರು ತಿಂಗಳೊಳಗೆ ತಾನಾಗಿಯೇ ಹೋಗುತ್ತದೆ. ಮಾತ್ರೆ ಸಿಗದ ಕಾಲದಲ್ಲಿ ಅದಕ್ಕೆ ಅರ್ಥವಿತ್ತು. ಈಗ ನಾನು ಕಾಯಿಸುವುದಿಲ್ಲ.

ಆದರೆ ಮಾತ್ರೆ ಶುರುಮಾಡುವ ಮುನ್ನ ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು. ಎರಡೂ ಇರುವವರಲ್ಲಿ ಸಿ ಅಡಗಿದ ಕೂಡಲೇ ಬಿ ಕೆರಳಿ ಯಕೃತ್ತನ್ನು ಕೆಡಿಸಿದ ಪ್ರಕರಣಗಳಿವೆ. 2016ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದಕ್ಕೆ ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟರು. ಬಿ ಇಲ್ಲದಿದ್ದರೆ, ಪ್ರತಿರಕ್ಷೆಯೂ ಇಲ್ಲದಿದ್ದರೆ, ಲಸಿಕೆ ಹಾಕಿಸಿ, ಮೂರು ಡೋಸ್. ಬಿಯಲ್ಲೂ ಎಯಿಂದ ಜೆವರೆಗೆ ಬಗೆಗಳಿವೆ, ಆದರೆ ಲಸಿಕೆ ಅವೆಲ್ಲದರ ಮೇಲೂ ಕೆಲಸ ಮಾಡುತ್ತದೆ. ಎಚ್‌ಐವಿ ಪರೀಕ್ಷೆಯನ್ನು ಈಗ ಒಮ್ಮೆ, ಆರು ವಾರ ದಾಟಿದ ಮೇಲೆ ಇನ್ನೊಮ್ಮೆ ಮಾಡಿಸಿ. ದೇಶದಲ್ಲಿ ವಯಸ್ಕರಲ್ಲಿ ಎಚ್‌ಐವಿ ಶೇಕಡಾ 0.2ರ ಆಸುಪಾಸು ಇದ್ದರೆ, ಚುಚ್ಚಿಕೊಳ್ಳುವವರಲ್ಲಿ 2021ರ ಕಣ್ಗಾವಲು ಸಮೀಕ್ಷೆಯಲ್ಲಿ ಶೇಕಡಾ 9 ಇತ್ತು. ಇನ್ನು ಮುಂದೆ ಗುಣವಾಯಿತೇ ಎಂದು ನೋಡಲು ಪ್ರತಿಕಾಯದ ಪರೀಕ್ಷೆ ಮಾಡಿಸಬೇಡಿ. ಅದು ಜೀವನಪೂರ್ತಿ ಪಾಸಿಟಿವ್ ಆಗಿಯೇ ಇರುತ್ತದೆ. ಕೆಲಸಕ್ಕೆ ಸೇರುವಾಗಿನ ತಪಾಸಣೆಯಲ್ಲಿ ಅದನ್ನು ನೋಡಿ ಎದೆ ಒಡೆದುಕೊಂಡವರನ್ನು ಕಂಡಿದ್ದೇನೆ. ಬೇಕಾದದ್ದು ಆರ್‌ಎನ್‌ಎ ಪರೀಕ್ಷೆ, ಚುಚ್ಚಿಕೊಳ್ಳುವುದು ನಡೆದಿದ್ದರೆ ಆರು ತಿಂಗಳಿಗೊಮ್ಮೆಯಾದರೂ.

ತಟ್ಟೆ ಲೋಟದ ಬಗ್ಗೆ ನೀವು ಕೇಳಿಲ್ಲ, ಆದರೆ ಬೇರೆ ಇಟ್ಟಿದ್ದರೆ ಇವತ್ತೇ ಒಂದು ಮಾಡಿ. ಊಟದಿಂದ, ಬಟ್ಟೆಯಿಂದ, ಮೈ ಮುಟ್ಟುವುದರಿಂದ ಇದು ಹರಡುವುದಿಲ್ಲ. ಅವನ ರೇಜರ್, ಉಗುರು ಕತ್ತರಿ, ಹಲ್ಲುಜ್ಜುವ ಬ್ರಷ್ ಇಷ್ಟು ಬೇರೆ ಇದ್ದರೆ ಸಾಕು.

ಚಟದ ವಿಷಯಕ್ಕೆ ವೈರಸ್ ತಜ್ಞನಾಗಿ ನಾನು ಹೆಚ್ಚು ಹೇಳುವುದು ಸರಿಯಲ್ಲ. ನಾಲಿಗೆಯಡಿ ಇಡುವ ಬ್ಯೂಪ್ರಿನಾರ್ಫಿನ್ ಎಂಬ ಮಾತ್ರೆಯ ಚಿಕಿತ್ಸೆ ಇದೆ. ಅದು ಒಂದು ಚಟದ ಬದಲು ಇನ್ನೊಂದು ಚಟ ಎಂದು ಮನೆಯವರು ಮೂಗು ಮುರಿಯುತ್ತಾರೆ, ಆದರೆ ಸಿರಿಂಜ್ ಬೇಡವಾಗುವುದೇ ನನ್ನ ದೃಷ್ಟಿಯಲ್ಲಿ ದೊಡ್ಡ ಗೆಲುವು. ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದಲ್ಲಿ ವಿಚಾರಿಸಿ, 14446 ಸಹಾಯವಾಣಿಯೂ ಇದೆ. ಆಸ್ಪತ್ರೆಗೆ ಹೋದರೆ ಪೊಲೀಸರ ಕೈಗೆ ಸಿಗುತ್ತೇವೆ ಎಂಬ ಭಯವಿದ್ದರೆ, ಸೇವನೆಗಾಗಿ ಸಣ್ಣ ಪ್ರಮಾಣ ಇಟ್ಟುಕೊಂಡವರು ತಾವಾಗಿ ಚಿಕಿತ್ಸೆಗೆ ಬಂದರೆ ಮಾದಕವಸ್ತು ಕಾಯ್ದೆಯ 64ಎ ಕಲಂನಲ್ಲಿ ರಕ್ಷಣೆ ಇದೆ ಎಂದು ಅವನಿಗೆ ತಿಳಿಸಿ. ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣವನ್ನೇ ಚುಚ್ಚಿಕೊಂಡರೆ ಉಸಿರು ನಿಲ್ಲಬಹುದು. ಇದು ಹೆಪಟೈಟಿಸ್ಸಿಗಿಂತ ಬೇಗ ಕೊಲ್ಲುತ್ತದೆ. ಇದನ್ನು ಬೈಗುಳದ ನಡುವೆ ಹೇಳಬೇಡಿ, ಬೇರೆಯಾಗಿ ಕೂರಿಸಿಕೊಂಡು ಹೇಳಿ.

ಮುಂದಿನ ಭೇಟಿಗೆ ಹಳೆಯ ಮತ್ತು ಹೊಸ ಎರಡೂ ಜೀನೋಟೈಪ್ ವರದಿ, ಮೂರು ತಿಂಗಳ ಪರೀಕ್ಷೆಯ ಫಲಿತಾಂಶ, ಮೊದಲ ಸಲ ಕೊಟ್ಟ ಮಾತ್ರೆಯ ಹೆಸರು ಇವನ್ನು ಒಂದೇ ಫೈಲಿನಲ್ಲಿ ಇಟ್ಟುಕೊಂಡು ಹೋಗಿ. ಚಿಕಿತ್ಸೆ ಒಮ್ಮೆ ಮುಗಿದವರಾದ್ದರಿಂದ ಜಿಲ್ಲಾಸ್ಪತ್ರೆಯವರು ದೊಡ್ಡ ಕೇಂದ್ರಕ್ಕೆ ಕಳುಹಿಸಬಹುದು, ಅದಕ್ಕೆ ಗಾಬರಿ ಬೇಡ. ಕ್ಷಯದ ಔಷಧವನ್ನೇನಾದರೂ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಿ. ಅದರಲ್ಲಿರುವ ರಿಫಾಂಪಿಸಿನ್ ಈ ಮಾತ್ರೆಗಳನ್ನು ನಿಷ್ಫಲ ಮಾಡುತ್ತದೆ. ವೆಲ್ಪಟಾಸ್ವಿರ್ ಕೊಟ್ಟರೆ ಬೆಳಿಗ್ಗೆ ಎದ್ದ ಕೂಡಲೇ ಪ್ಯಾಂಟೊಪ್ರಜೋಲ್ ನುಂಗುವ ಅಭ್ಯಾಸ ಅವನಿಗಿದೆಯೇ ಎಂದು ಕೇಳಿ. ಹೊಟ್ಟೆಯ ಆಮ್ಲ ಕಡಿಮೆಯಾದರೆ ಆ ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಹಾಸ್ಟೆಲ್ಲು, ಹೋಟೆಲ್ ಊಟದ ಹುಡುಗರು ಗ್ಯಾಸ್ ಮಾತ್ರೆಯನ್ನು ಔಷಧವೆಂದೇ ಎಣಿಸುವುದಿಲ್ಲ, ಕೇಳದೆ ಹೇಳುವುದೂ ಇಲ್ಲ.